ಬಾಗಿಲ ಮೇಲಿನ ಫೋಟೊಕ್ಕೆ ಎರಡು ರಿಂಗು

ನಮ್ಮ ಮನೆಯಲ್ಲಿ ಏನನ್ನು ಅಳೆದರೂ ಎರಡು ಬೆರಳು ಹೆಚ್ಚಿಗೆ ಹಿಡಿಯುವುದು ವಾಡಿಕೆ. ಬನಹಟ್ಟಿಯ ನೇಕಾರರ ಮನೆ ನಮ್ಮದು. ಮಗ್ಗದ ಮೇಲೆ ಬಿಗಿಯಾಗಿ ಜಗ್ಗಿಕೊಂಡು ಕೂತ ಸೀರೆ ಕೆಳಗಿಳಿದ ಮೇಲೆ ಅಗಲ ಕಳೆದುಕೊಳ್ಳುತ್ತದೆ, ನೀರು ಕಂಡರೆ ಇನ್ನಷ್ಟು ಕುಗ್ಗುತ್ತದೆ. ಅದಕ್ಕೇ ಅಪ್ಪ ಎಲ್ಲದಕ್ಕೂ ಸ್ವಲ್ಪ ಬಿಟ್ಟೇ ಅಳೆಯುತ್ತಾನೆ. ಅವ್ವ ನನಗೆ ಸಾಲೆಯ ಅಂಗಿ ಹೊಲಿಸುವಾಗಲೂ ಹಾಗೆಯೇ ಮಾಡುತ್ತಿದ್ದಳು. ಏಳನೇ ಇಯತ್ತೆಯ ಅಂಗಿ ನನ್ನ ಮೈಗೆ ಸರಿಯಾಗಿ ಕೂತದ್ದು ಒಂಬತ್ತನೆಯದರಲ್ಲಿ. ಈ ವಾಡಿಕೆ ನನ್ನ ಕೈಗೂ ಹತ್ತಿದೆ ಎಂದು ತಿಳಿದದ್ದು ಹೋದ ವರ್ಷ, ಕ್ಯಾಮೆರಾದ ಫಿಲ್ಟರಿಗೆ ಒಂದು ರಿಂಗು ತರಿಸಿದಾಗ. ತಿಳಿದು ಏನು ಬಂತು ಮಣ್ಣು, ಆಗಲೇ ಕೆಲಸ ಕೆಟ್ಟಿತ್ತು.

ಮದುವೆ, ಸೀಮಂತಗಳ ಫೋಟೊ ತೆಗೆಯುವುದು ನನ್ನ ಕೆಲಸ. ಮುಧೋಳ, ಬೀಳಗಿ, ಮಹಾಲಿಂಗಪುರ, ಎಲ್ಲಿ ಕರೆದರೂ ಹೋಗುತ್ತೇನೆ. ಹೆಣ್ಣುಮಗಳು ಕ್ಯಾಮೆರಾ ಹಿಡಿದು ಬಂದಳೆಂದು ಮೊದಮೊದಲು ಜನ ಮದುಮಕ್ಕಳನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಅಡ್ಡ ನಿಂತವರನ್ನು ಬೈದು ಬೈದು ನನ್ನ ಬಾಯಿ ಜೋರಾಗಿದೆ ಎಂದು ಅವ್ವನ ತಕರಾರು. ಅದು ಖರೆಯೇ.

ಆ ದಿನ ಫೋನು ಮಾಡಿದವರು ಹೈಸ್ಕೂಲಿನಲ್ಲಿ ನನಗೆ ಗಣಿತ ಕಲಿಸಿದ ಅಕ್ಕೋರು. ಜಮಖಂಡಿಯವರು, ದಿನಾ ಬಸ್ಸಿಗೆ ಬಂದು ನಮಗೆ ಲೆಕ್ಕ ಹೇಳಿಕೊಟ್ಟು ಹೋಗುತ್ತಿದ್ದರು. ನಿವೃತ್ತರಾಗಿ ಬಹಳ ವರ್ಷವಾಯಿತು. ಮನೆಯಲ್ಲಿ ಮರಾಠಿ ಮಾತಾಡುವವರು, ಮಾತು ಅಳತೆಯಷ್ಟೇ. ಅವರ ಮನೆಯ ಒಳಗೋಡೆಗೆ ಗೆದ್ದಲು ಹತ್ತಿದೆ, ಸೋಮವಾರ ಗೌಂಡಿ ಬಂದು ಗೋಡೆ ಒಡೆಯುತ್ತಾನೆ, ಅಷ್ಟರೊಳಗೆ ಆ ಗೋಡೆಯ ಮೇಲಿನ ಒಂದು ಹಳೆಯ ಫೋಟೊದ ಫೋಟೊ ತೆಗೆದುಕೊಡಬೇಕು ಎಂದರು. ಅದೇನು ದೊಡ್ಡ ಕೆಲಸ ಎಂದುಕೊಂಡು ಮಂಗಳವಾರ ಸ್ಕೂಟರ್ ಏರಿ ಹೋದೆ.

ಹೋಗಿ ನೋಡಿದರೆ ಆ ಫೋಟೊ ಅಡುಗೆಮನೆಗೆ ಹೋಗುವ ಕಿರಿದಾದ ಹಾದಿಯಲ್ಲಿ, ಬಾಗಿಲ ಮೇಲೆ, ಅಟ್ಟದ ಎತ್ತರದಲ್ಲಿತ್ತು. ಅಕ್ಕೋರ ಅಜ್ಜ ಅದನ್ನು ಕಟ್ಟಿನ ಸಮೇತ ಗೋಡೆಯೊಳಗೆ ಕೂರಿಸಿ ಸುತ್ತ ಗಚ್ಚು ಬಳಿಸಿದ್ದರಂತೆ. ಸ್ಟೂಲು ಹತ್ತಿ ಬ್ಯಾಟರಿ ಬಿಟ್ಟು ನೋಡಿದೆ. ಹಿಂದಿನ ಹಲಗೆಯನ್ನು ಗೆದ್ದಲು ತಿಂದು ಮುಗಿಸಿತ್ತು. ಫೋಟೊದ ಕಾಗದ ಬರೀ ಗಾಜಿಗೆ ಅಂಟಿಕೊಂಡು ಉಳಿದಿತ್ತು. ಗಾಜು ಮೂಲೆಯಲ್ಲಿ ಸೀಳಿತ್ತು. ಮುಟ್ಟಿದರೆ ಹೋಯಿತು.

ಯಾರ ಫೋಟೊ ಎಂದು ಕೇಳಿದೆ. ಅಕ್ಕೋರು ಕೆಳಗಿನಿಂದ ನನ್ನ ಸ್ಟೂಲು ಹಿಡಿದುಕೊಂಡೇ ಹೇಳಿದರು: "ನಮ್ಮ ತಾಯಿದು. ನಾ ಹನ್ನೊಂದು ದಿನದಾಕಿ ಇದ್ದಾಗ ಹೋದ್ಳು. ಆಕಿದು ಇದೊಂದ ಮುಖ ಉಳದದ."

ಸಣ್ಣವರಿದ್ದಾಗ ಒಮ್ಮೆ ಟ್ರಂಕಿನ ಮೇಲೆ ಟ್ರಂಕು ಇಟ್ಟು ಹತ್ತಿ ಹತ್ತಿರದಿಂದ ನೋಡಿದ್ದರಂತೆ, ಅಜ್ಜನ ಕೈಯಲ್ಲಿ ಏಟು ತಿಂದಿದ್ದರಂತೆ. ಆಮೇಲೆ ಕೆಳಗಿನಿಂದ ನೋಡಿದ್ದಷ್ಟೇ. ಕೆಳಗಿನಿಂದ ಏನು ಕಾಣಬೇಕು? ಎದುರಿನ ಕಿಟಕಿಯ ಬೆಳಕು ಗಾಜಿನ ಮೇಲೆ ಕೂತು, ಸೀರೆಯ ಅಂಚು ಬಿಟ್ಟರೆ ಉಳಿದದ್ದೆಲ್ಲ ಬೆಳ್ಳಗೆ ಹೊಳೆಯುತ್ತಿತ್ತು.

ಆ ಹೊಳಪೇ ನನಗೂ ತೊಡಕಾಯಿತು. ಕಿಟಕಿ ಮುಚ್ಚಿದರೆ ಕತ್ತಲೆ; ದೀಪ ಹಚ್ಚಿದರೆ ದೀಪವೇ ಗಾಜಿನೊಳಗೆ ಬಂದು ಕೂರುತ್ತದೆ. ಗಾಜಿನ ಹೊಳಪು ಕಳೆಯಲು ನನ್ನ ಹತ್ತಿರ ಒಂದು ಫಿಲ್ಟರ್ ಇದೆ. ಲೆನ್ಸಿನ ಮುಂದೆ ಅದನ್ನು ತಿರುಪಿ ಕೂರಿಸಿ, ಸ್ವಲ್ಪ ಓರೆಯಾಗಿ ನಿಂತು, ನಿಧಾನ ತಿರುಗಿಸುತ್ತ ಹೋದರೆ ಒಂದು ಕಡೆ ಹೊಳಪು ಸತ್ತೇ ಹೋಗುತ್ತದೆ. ಓರೆಯಾಗಿ ಬಂದ ಫೋಟೊವನ್ನು ಆಮೇಲೆ ಕಂಪ್ಯೂಟರಿನಲ್ಲಿ ನೇರ ಮಾಡಿಕೊಳ್ಳಬಹುದು. ಆದರೆ ಆ ಫಿಲ್ಟರ್ ಮದುವೆಗೆ ಒಯ್ಯುವ ದೊಡ್ಡ ಲೆನ್ಸಿನದು, ಅರವತ್ತೇಳು ಮಿಲಿಮೀಟರಿನದು. ಆ ಇಕ್ಕಟ್ಟಿನಲ್ಲಿ ದೊಡ್ಡ ಲೆನ್ಸು ಅಷ್ಟು ಹತ್ತಿರದ್ದನ್ನು ಹಿಡಿಯಲೇ ಇಲ್ಲ. ಹಿಡಿಯುವುದು ನನ್ನ ಹಳೆಯ ಸಣ್ಣ ಲೆನ್ಸು. ಅದರ ಬಾಯಿ ಚಿಕ್ಕದು. ದೊಡ್ಡ ಫಿಲ್ಟರನ್ನು ಸಣ್ಣ ಲೆನ್ಸಿಗೆ ಕೂರಿಸಬೇಕಾದರೆ ನಡುವೆ ಒಂದು ರಿಂಗು ಬೇಕು: ಒಂದು ಕಡೆ ಲೆನ್ಸಿನ ಅಳತೆ, ಇನ್ನೊಂದು ಕಡೆ ಫಿಲ್ಟರಿನ ಅಳತೆ.

ಲೆನ್ಸಿನ ಬಾಯಿಯ ಅಳತೆ ಅದರ ಮೇಲೇ ಬರೆದಿರುತ್ತದೆ. ನನ್ನದರಲ್ಲಿ ಅದು ಸವೆದು ಅಳಿಸಿಹೋಗಿತ್ತು. ಮುಚ್ಚಳದ ಮೇಲೂ ಇರುತ್ತದೆ. ಮುಚ್ಚಳ ಬೀಳಗಿಯ ಯಾವುದೋ ಮದುವೆಯಲ್ಲಿ ಕಳೆದುಹೋಗಿತ್ತು. ಮನೆಗೆ ಬಂದು ಅಪ್ಪನ ಉಕ್ಕಿನ ಪಟ್ಟಿ ಹಿಡಿದು ಅಳೆದೆ. ಐವತ್ತೆರಡು. ಹುಬ್ಬಳ್ಳಿಯ ಅಂಗಡಿಗೆ ಫೋನು ಹಚ್ಚಿ ಏನು ಹೇಳಿದೆ ಗೊತ್ತೇ? ಐವತ್ತೈದು! ಬಿಗಿಯಾಗುವುದು ಬೇಡ, ಮೂರು ಮಿಲಿಮೀಟರ್ ಹೆಚ್ಚಿಗೆ ಇರಲಿ ಎಂದು ಬಾಯಿ ತಾನೇ ಹೇಳಿಬಿಟ್ಟಿತು. ಅಂಗಡಿಯಾತ ಪಾಪ, ಲೆನ್ಸು ಐವತ್ತೈದರದೇ ಹೌದಾ ನೋಡಿಕೊಳ್ಳಿ ಎಂದು ಎರಡು ಸಲ ಕೇಳಿದ. ನಾನೇನು ನಿನ್ನೆ ಕ್ಯಾಮೆರಾ ಹಿಡಿದವಳಲ್ಲ, ಹೇಳಿದ್ದನ್ನು ಕಳಿಸಿ ಎಂದು ಆತನ ಮೇಲೇ ಹರಿಹಾಯ್ದೆ.

ಶನಿವಾರ ಮಧ್ಯಾಹ್ನ ಬಸ್ಸಿನಲ್ಲಿ ಪಾರ್ಸೆಲ್ ಬಂತು. ಸ್ಟ್ಯಾಂಡಿನಲ್ಲೇ ಬಿಚ್ಚಿ ಲೆನ್ಸಿಗೆ ಹಚ್ಚಿದೆ. ರಿಂಗು ಲೆನ್ಸಿನ ಬಾಯೊಳಗೆ ಇಳಿಯಲೇ ಇಲ್ಲ, ಸಣ್ಣ ಕೊಡದ ಮೇಲೆ ದೊಡ್ಡ ತಾಟು ಇಟ್ಟಂತೆ ಅತ್ತಿತ್ತ ಸರಿದಾಡಿತು. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ. ಭಾನುವಾರ ಹುಬ್ಬಳ್ಳಿಯ ಅಂಗಡಿ ಬಂದ್. ಸೋಮವಾರ ಗೌಂಡಿ.

ಮನೆಗೆ ಬಂದು ಹೇಳಿದಾಗ ಅಪ್ಪ ರಿಂಗನ್ನು ತಿರುವಿ ಮುರುವಿ ನೋಡಿದ. "ಇದೇನು ಸೀರಿ ಐತೇನವಾ, ಮಗ್ಗದಿಂದ ಇಳದ ಮ್ಯಾಲ ಕುಗ್ಗಾಕ?" ಅಂದ. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಕಲಿಸಿದವರಾರು ನನಗೆ ಈ ಅಳತೆ ಎಂದು ಇಬ್ಬರ ಮೇಲೂ ಕೂಗಾಡಿದೆ. ಆಮೇಲೆ ಅಳು ಬಂತು.

ಫಿಲ್ಟರನ್ನು ಕೈಯಲ್ಲೇ ಲೆನ್ಸಿನ ಮುಂದೆ ಹಿಡಿದರೆ ಹೇಗೆ ಎಂದು ನಮ್ಮ ಮನೆಯ ಗಾಜಿನ ಫೋಟೊ ಒಂದರ ಮೇಲೆ ಪರೀಕ್ಷೆ ಮಾಡಿದೆ. ನಡುವಿನ ಸಂದಿಯಿಂದ ಬೆಳಕು ನುಗ್ಗಿ ಚಿತ್ರ ಮಬ್ಬಾಯಿತು. ಟೇಪು ಸುತ್ತಿದೆ, ಫಿಲ್ಟರ್ ಸೊಟ್ಟಗೆ ಕೂತಿತು, ತಿರುಗಿಸಲು ಹೋದರೆ ಕೈಗೇ ಬಂತು. ಆ ಸ್ಟೂಲಿನ ಮೇಲೆ, ಆ ಎತ್ತರದಲ್ಲಿ, ಸೀಳಿದ ಗಾಜಿನ ಎದುರು ಫಿಲ್ಟರ್ ಬೀಳಿಸಿದೆನೆಂದರೆ ಮುಗಿಯಿತು. ಅಕ್ಕೋರಿಗೆ ಫೋನು ಮಾಡಿ ಗೌಂಡಿಯನ್ನು ಎರಡು ದಿನ ತಡೆಯಿರಿ ಎಂದು ಕೇಳಿದೆ. ಆತ ಸಿಕ್ಕಿದ್ದೇ ದೊಡ್ಡದು, ಗೋಡೆ ಅಡುಗೆಮನೆಯ ಕಡೆಗೆ ವಾಲಿದೆ ಎಂದರು. ಏನಾಯಿತು ಎಂದು ಕೇಳಲಿಲ್ಲ. ನಾನೂ ಹೇಳಲಿಲ್ಲ, ನಾಚಿಕೆ.

ಭಾನುವಾರ ಬೆಳಿಗ್ಗೆ ಜಮಖಂಡಿಗೆ ಹೊರಟೆ. ಹಾದಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಒಂದರ ಹಿಂದೆ ಸಿಕ್ಕಿಕೊಂಡು ತೆವಳುವಾಗ ಜಮಖಂಡಿ ಕೋರ್ಟಿನ ಹತ್ತಿರದ ಹಳೆಯ ಸ್ಟುಡಿಯೊ ನೆನಪಾಯಿತು. ಅಲ್ಲಿಯ ಮುದುಕ ಈಗ ಪಾಸ್‌ಪೋರ್ಟ್ ಫೋಟೊ, ಝೆರಾಕ್ಸು ಅಷ್ಟೇ ಮಾಡುತ್ತಾನೆ. ಆದರೆ ರೀಲಿನ ಕಾಲದಲ್ಲಿ ಸುತ್ತಲಿನ ಊರುಗಳ ಮದುವೆಗಳೆಲ್ಲ ಆತನವೇ. ಹೋದರೆ ಅಂಗಡಿ ಅರ್ಧ ತೆರೆದಿತ್ತು. ನನ್ನ ಪೆದ್ದತನವನ್ನು ಮುಚ್ಚಿಡದೆ ಹೇಳಿದೆ. ಆತ ನಗಲಿಲ್ಲ. ಒಳಗಿನಿಂದ ಒಂದು ಬಿಸ್ಕೀಟಿನ ಡಬ್ಬಿ ತಂದು ಪತ್ರಿಕೆಯ ಮೇಲೆ ಸುರುವಿದ. ಬರೀ ರಿಂಗುಗಳು. ಕೆಲವಕ್ಕೆ ಅಕ್ಷರ ಉಳಿದಿತ್ತು, ಹೆಚ್ಚಿನವಕ್ಕೆ ಇರಲಿಲ್ಲ.

ಐವತ್ತೆರಡರಿಂದ ಅರವತ್ತೇಳರದು ಇದೆಯೇ ಎಂದು ನಾನು ಆಸೆಯಿಂದ ಹುಡುಕತೊಡಗಿದೆ. ಇರಲಿಲ್ಲ. ಆತ ನನ್ನ ಕೈಯಿಂದ ಹೊಸ ರಿಂಗು ಇಸಿದುಕೊಂಡು, "ಇದು ತಪ್ಪ ಅಲ್ಲವಾ, ಅರ್ಧ ಹಾದಿ ಐತಿ. ಉಳದರ್ಧ ಇದರಾಗ ಹುಡುಕೂಣು" ಅಂದ. ನನಗೆ ಆಗ ಹೊಳೆಯಿತು. ಐವತ್ತೆರಡರಿಂದ ಐವತ್ತೈದಕ್ಕೆ ಒಂದು ರಿಂಗು, ಅದರ ಮೇಲೆ ನನ್ನ ಐವತ್ತೈದರಿಂದ ಅರವತ್ತೇಳರದು. ಇಷ್ಟು ಸರಳ ಲೆಕ್ಕ ಗಣಿತದ ಅಕ್ಕೋರ ಶಿಷ್ಯೆಗೆ ರಾತ್ರಿಯಿಡೀ ತೋಚಿರಲಿಲ್ಲ.

ಆತ ಒಂದೊಂದೇ ರಿಂಗು ಎತ್ತಿ ಲೆನ್ಸಿನ ಬಾಯಿಗೆ ಇಟ್ಟು ನೋಡಿದ. ಮೊದಲು ಉಲ್ಟಾ ತಿರುಗಿಸುತ್ತಿದ್ದ. ತಿರುಪಿನ ಎಳೆ ಎಳೆಗೆ ಕೂತಾಗ ಟಿಕ್ ಎಂದು ಸಣ್ಣ ಸಪ್ಪಳ ಬರುತ್ತದೆ, ಆಮೇಲೆ ಸೀದಾ ತಿರುಗಿಸಿ ಬಿಗಿಯುವುದು. ಸಪ್ಪಳ ಬರದಿದ್ದರೆ ಪಕ್ಕಕ್ಕೆ. ಅಗಲದಿಂದ ಸಣ್ಣಕ್ಕೆ ಇಳಿಯುವ ರಿಂಗುಗಳನ್ನು ಮೊದಲೇ ಬೇರೆ ಮಾಡಿದ್ದ, ಅವನ್ನು ಹಾಕಿದರೆ ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ಎಂಟನೆಯದೋ ಒಂಬತ್ತನೆಯದೋ ಟಿಕ್ ಎಂದಿತು. ಅದರ ಮೇಲೆ ನನ್ನ ರಿಂಗು ಸುಮ್ಮನೆ ಕೂತಿತು. ನಾನು ಆ ಮುದುಕನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಬಹಳ ಬಿಗಿ ಮಾಡಬೇಡ, ತೆಗೆಯಲು ಬರುವುದಿಲ್ಲ ಎಂದಷ್ಟೇ ಹೇಳಿದ.

ಅಕ್ಕೋರ ಮನೆಯಲ್ಲಿ ಸ್ಟೂಲು ಹತ್ತಿ ಒಂದು ಬದಿಗೆ ವಾಲಿ ನಿಂತೆ. ಅಕ್ಕೋರು ಮತ್ತೆ ಸ್ಟೂಲು ಹಿಡಿದರು. ಕ್ಯಾಮೆರಾದ ಪರದೆಯ ತುಂಬ ಕಿಟಕಿಯದೇ ಬಿಳಿ. ಫಿಲ್ಟರನ್ನು ಎರಡು ಬೆರಳಲ್ಲಿ ತಿರುಗಿಸಿದೆ. ಬಿಳಿ ತೆಳುವಾಯಿತು, ಕಿಟಕಿಯ ಸರಳು ಮಾಯವಾಯಿತು, ಇನ್ನೊಂದು ಕೂದಲೆಳೆ ತಿರುಗಿಸಿದೆ ನೋಡಿ, ಹೊಳಪು ಹೋಗಿಯೇಬಿಟ್ಟಿತು. ಗಾಜೇ ಇಲ್ಲವೇನೋ ಎಂಬಂತೆ ಒಂದು ಮುಖ ನನ್ನನ್ನು ನೋಡಿತು. ಉಸಿರು ಹಿಡಿದು ಹತ್ತು, ಹದಿನೈದು, ಇಪ್ಪತ್ತು ಸಲ ಒತ್ತಿದೆ. ಕೆಳಗಿಳಿದೆ. ಬಂತೇನು ಎಂದು ಅಕ್ಕೋರು ಕೇಳಿದರು. ಬಂತು ಎಂದೆ. ಸಣ್ಣ ಪರದೆಯಲ್ಲಿ ಅವರ ಕಣ್ಣಿಗೆ ಏನೂ ತಿಳಿಯಲಿಲ್ಲ, ಆದರೂ ತಲೆಯಾಡಿಸಿದರು. ಅವರು ಮಾಡಿಕೊಟ್ಟ ಚಹಾ ಕುಡಿದು, ಹಾದಿಯುದ್ದಕ್ಕೂ ಒಬ್ಬಳೇ ಹಾಡಿಕೊಂಡು ಬನಹಟ್ಟಿಗೆ ಬಂದೆ.

ಸೋಮವಾರ ಮಧ್ಯಾಹ್ನ ಅಕ್ಕೋರ ಫೋನು ಬಂತು. ಗೌಂಡಿ ಬಹಳ ನಾಜೂಕಾಗಿಯೇ ಕಟ್ಟು ಬಿಡಿಸಿದನಂತೆ. ಕೈಗೆ ಬಂದದ್ದು ಗಾಜಿನ ಚೂರು ಮತ್ತು ಕಂದು ಪುಡಿ, ಮುಖ ಎಂಬುದು ಉಳಿಯಲಿಲ್ಲ ಎಂದರು. ಒಂದೇ ಒಂದು ದಿನ ತಡವಾಗಿದ್ದರೆ, ಮೂರು ಮಿಲಿಮೀಟರಿನ ನನ್ನ ಜಾಣತನಕ್ಕೆ ಆ ಮುಖವೇ ಹೋಗುತ್ತಿತ್ತು. ಅದನ್ನು ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಉಳಿಯಿತಲ್ಲ ಎಂದು ಮತ್ತೆ ಬೆಚ್ಚಗಾಗುತ್ತದೆ.

ಗುರುವಾರ ಚಿತ್ರವನ್ನು ನೇರ ಮಾಡಿ, ಗಾಜಿನ ಸೀಳು ಅಳಿಸಿ, ದೊಡ್ಡದಾಗಿ ಪ್ರಿಂಟು ಹಾಕಿಸಿಕೊಂಡು ಹೋದೆ. ಅಕ್ಕೋರು ಚಷ್ಮಾ ಒರೆಸಿಕೊಂಡು ಅಂಗಳದ ಬೆಳಕಿಗೆ ಕುರ್ಚಿ ಎಳೆದು ಕೂತರು. ಫೋಟೊವನ್ನು ಹತ್ತಿರ ತಂದು, ದೂರ ಹಿಡಿದು, ಮತ್ತೆ ತೊಡೆಯ ಮೇಲಿಟ್ಟುಕೊಂಡು ನೋಡಿದರು. ಏನೋ ತಪ್ಪಾಗಿದೆ, ಮುಖ ತಿದ್ದುವಾಗ ನಾನೇ ಏನೋ ಕೆಡಿಸಿದ್ದೇನೆ ಎಂದು ನನಗೆ ಭಯವಾಯಿತು. ತಾಯಿಯ ಹಾಗೆ ಕಾಣುತ್ತಿಲ್ಲವೇ ಎಂದು ಮೆಲ್ಲಗೆ ಕೇಳಿದೆ.

"ಟ್ರಂಕ ಹತ್ತಿ ನೋಡಿದಾಗ ದೊಡ್ಡ ಹೆಣ್ಮಗಳಂಗ ಕಂಡಿದ್ಳು," ಅಂದರು. "ನನ್ನ ಬಿಟ್ಟು ಹೋದ್ಳಂತ ಜೀವಮಾನ ಪೂರ್ತಿ ಆಕಿ ಮ್ಯಾಲ ಸಿಟ್ಟ ಮಾಡೀನಿ."

ಆಮೇಲೆ ಫೋಟೊದ ಹಣೆಯ ಮೇಲೆ ಹೆಬ್ಬೆರಳು ಸವರಿದರು, ಕೂದಲು ಹಿಂದಕ್ಕೆ ಸರಿಸುವವರ ಹಾಗೆ.

"ನೋಡಿಲ್ಲೆ. ಹತ್ತನೇ ಇಯತ್ತೆ ಹುಡುಗಿ ಇದ್ದಂಗ ಇದ್ದಾಳ. ಈಕಿಗೇ ಇನ್ನೂ ಒಬ್ಬಾಕಿ ತಾಯಿ ಬೇಕಾಗಿದ್ಳಲ್ಲ, ತಂಗಿ."