ಮೋಡದೊಳಗೆ ಮುಳ್ಳಿನ ಮಾತು

ಕತಾರಿನ ಅಲ್ ಅಜೀಜಿಯಾದ ನಮ್ಮ ಮನೆಯಲ್ಲಿ ಎ.ಸಿ.ಯ ಮೀಟರು ಇಪ್ಪತ್ತನಾಲ್ಕು ಡಿಗ್ರಿ ತೋರಿಸುತ್ತಿರುವಾಗಲೇ ನನ್ನ ಹೆಂಡತಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಸೆಖೆ ಎನ್ನುತ್ತಾಳೆ. ಮೀಟರು ನೋಡು ಎಂದರೆ, ಬೆವರುವುದು ನಾನೋ ನಿಮ್ಮ ಮೀಟರೋ ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ. ಗ್ಯಾಸ್ ಪ್ಲಾಂಟಿನಲ್ಲಿ ಮೀಟರುಗಳನ್ನು ಪರೀಕ್ಷಿಸಿ ಸರಿಯಾಗಿಡುವುದೇ ನನ್ನ ಹೊಟ್ಟೆಪಾಡು. ಅಲ್ಲಿಯೂ ಇದೇ ಗೋಳು, ಏನು ಏರುಪೇರಾದರೂ ಆಪರೇಟರುಗಳು ಮೊದಲು ದೂರುವುದು ಮೀಟರನ್ನೇ. ನಾನು ಧಾವಿಸಿ, ಅದು ಸರಿಯಿದೆಯೆಂದು ಸಾಧಿಸಿ ತೋರಿಸಿ, ನಾಲ್ಕು ಮಾತು ಬೈದು ಬರುತ್ತಿದ್ದೆ. ಇಪ್ಪತ್ತು ವರ್ಷ ಹೀಗೆ ಬೈದವನ ಜಂಬ ಇಳಿದದ್ದು ಒಂದು ಮೋಡದೊಳಗೆ.

ಮೋಡ ಕತಾರಿನದಲ್ಲ ಬಿಡಿ. ಇಲ್ಲಿ ಮೋಡ ಕಂಡರೆ ನಾವು ಟೆರೇಸಿಗೆ ಓಡಿ ಫೋಟೋ ತೆಗೆಯುವವರು. ನಿವೃತ್ತನಾಗಿ ಇಂಗ್ಲೆಂಡಿಗೆ ಮರಳಿದ ನನ್ನ ಹಳೆಯ ಮೇಲಧಿಕಾರಿ ಪೀಟರ್, ನಾನು ರಜೆಯಲ್ಲಿ ಅಲ್ಲಿಗೆ ಹೋದಾಗಲೆಲ್ಲ ನನಗೆ ಗ್ಲೈಡರ್ ಹಾರಿಸಲು ಕಲಿಸುತ್ತಿದ್ದ. ಎಂಜಿನ್ನಿಲ್ಲದೆ, ಮೇಲೇಳುವ ಗಾಳಿಯ ದಯೆಯಿಂದಲೇ ಏರುವ ಎರಡು ಸೀಟಿನ ವಿಮಾನ. ಮುಂದೆ ನಾನು, ಹಿಂದೆ ಅವನು, ವಿಮಾನವನ್ನು ವಾಲಿಸಿ ತಿರುಗಿಸಲು ಇಬ್ಬರಿಗೂ ಒಂದೊಂದು ಹಿಡಿಕೋಲು. ಎಡಕ್ಕೆ ಸುತ್ತು ಹಾಕುತ್ತ ಏರಿ ಮೋಡವನ್ನು ಹೊಕ್ಕೆವು. ರೆಕ್ಕೆಯ ತುದಿಯೂ ಕಾಣದಷ್ಟು ಬಿಳುಪು. ಇನ್ನು ನೇರ ಮಾಡು ಎಂದ, ಮಾಡಿದೆ. ವಿಮಾನ ಎಷ್ಟು ವಾಲಿದೆಯೆಂದು ತೋರಿಸುವ ಮೀಟರಿನ ಮುಳ್ಳು ನೇರವೆಂದಿತು, ಅಷ್ಟು ಹೊತ್ತು ಎಡಕ್ಕೇ ಸುತ್ತಿದ ನನ್ನ ಮೈಯೋ ಬಲಕ್ಕೆ ತಿರುಗುತ್ತಿದ್ದೇವೆಂದು ಬೊಬ್ಬೆಯಿಟ್ಟಿತು. ಮೈಯ ಮಾತು ಕೇಳಿ ಎಡಕ್ಕೆ ವಾಲಿಸಿದೆ. ಗಾಳಿಯ ಸದ್ದು ಏರಿತು, ವೇಗ ಏರಿತು. ಹೀಗೇ ಬಿಟ್ಟರೆ ಸುರುಳಿ ಸುತ್ತುತ್ತ ಇಳಿದು ರೆಕ್ಕೆ ಮುರಿದೀತೆಂದು ಅವನು ಮೊದಲೇ ಎಚ್ಚರಿಸಿದ್ದ. ಆದರೂ ನನ್ನ ಬಾಯಿಂದ ಬಂದದ್ದು ಇಷ್ಟೇ: "ಪೀಟರ್, ನಿನ್ನ ಮೀಟರ್ ಕೆಟ್ಟಿದೆ."

ಅವನು ನಗಲಿಲ್ಲ. "ಕೆಟ್ಟಿಲ್ಲ. ಅದು ಹೇಳಿದಂತೆ ಮಾಡು. ನನ್ನ ಕೈಯೂ ಕೋಲಿನ ಮೇಲಿದೆ."

ಮೈ ಬೇಡ ಬೇಡವೆನ್ನುತ್ತಿದ್ದರೂ ಮುಳ್ಳು ಹೇಳಿದಂತೆ ಮಾಡಿದೆ. ಮೋಡದ ಮಗ್ಗುಲಿನಿಂದ ಹೊರಬಿದ್ದಾಗ ದಿಗಂತ ಮುಳ್ಳು ತೋರಿಸಿದಲ್ಲೇ ಇತ್ತು.

ಆ ಮುಳ್ಳನ್ನು ಕಟ್ಟಿ, ಪರೀಕ್ಷಿಸಿ ಕೂರಿಸಿದ ಹೆಸರರಿಯದ ಕೆಲಸಗಾರನಿಗೆ ಅಂದು ಮನಸಾರೆ ಕೈಮುಗಿದೆ. ಅದಕ್ಕಿಂತ ಹೆಚ್ಚಿನ ಋಣ, ಕೋಲನ್ನು ನನ್ನಿಂದ ಕಸಿದುಕೊಳ್ಳದೆ ಜೊತೆಗಿದ್ದ ಪೀಟರನದು. ನಂಬು ಎಂದು ಹೇಳುವುದು ಎಷ್ಟು ಸುಲಭ, ಗೆಳೆಯರೇ. ಸ್ವಂತ ಮೈಯನ್ನೇ ಸುಳ್ಳೆಂದು ಬದಿಗಿಟ್ಟು ನಂಬುವವನ ಪಾಡು ನನಗೆ ಗೊತ್ತೇ ಇರಲಿಲ್ಲ.

ಮೊನ್ನೆ ಕಂಟ್ರೋಲ್ ರೂಮಿನಿಂದ ಬಾಗಲಕೋಟೆಯ ಆಪರೇಟರ್ ನಿಂಗಪ್ಪ ಕರೆದ. ಪಂಪಿನ ಸದ್ದು ಬರೋಬ್ಬರಿ ಇದೆ, ಒತ್ತಡದ ಮುಳ್ಳು ಮಾತ್ರ ಏರುತ್ತಿದೆ, ಮೀಟರು ಕೆಟ್ಟಿರಬೇಕು ಎಂದ. ಹೋಗಿ ಪರೀಕ್ಷಿಸಿದೆ, ಸರಿಯಾಗಿತ್ತು. ಅಂದರೆ ಒತ್ತಡ ನಿಜಕ್ಕೂ ಏರುತ್ತಿದೆ, ಪಂಪು ನಿಲ್ಲಿಸಲೇಬೇಕು. ನಿಲ್ಲಿಸಿದರೆ ಕೆಲಸವೆಲ್ಲ ನಿಂತು ನಾಳೆ ಜವಾಬು ಕೊಡಬೇಕಾದವನು ಅವನೇ. ಗುಂಡಿಯ ಮೇಲೆ ಬೆರಳಿಟ್ಟ, ಒತ್ತಲಿಲ್ಲ. ಗಂಟಲಿಗೆ ಬಂದ ಬೈಗುಳವನ್ನು ನುಂಗಿ, ಕುರ್ಚಿಯೆಳೆದು ಪಕ್ಕದಲ್ಲಿ ಕುಳಿತೆ.

"ಮೀಟರ್ ಸರಿ ಐತಿ, ನಿಂಗಪ್ಪ. ಬಂದ್ ಮಾಡು. ನಾ ಇಲ್ಲೇ ಕುಂತೇನಿ."

ಒತ್ತಿದ. ಮುಳ್ಳು ಕೆಳಗಿಳಿಯುವವರೆಗೆ ನಾನು ಏಳಲಿಲ್ಲ.