ಕುರುಗೋಡಿನ ಅರವಟ್ಟಿಗೆ

ಹತ್ತನೆಯ ತರಗತಿಗೆ ಕಾಲಿಡುವ ಮುಂಚಿನ ಬೇಸಿಗೆಯಲ್ಲಿ ನನ್ನನ್ನು ಕುರುಗೋಡು ಗುಡ್ಡದ ಬುಡದಲ್ಲಿ ನಡೆದ ಹತ್ತು ದಿನಗಳ ಶಿಬಿರಕ್ಕೆ ಕಳಿಸಿದರು. ಕಳಿಸಿದರು ಅನ್ನುವುದು ಸುಳ್ಳು. ಗೆಳತಿ ಬರುತ್ತಾಳೆಂದು ನಾನೇ ಹಟ ಹಿಡಿದು ಹೊರಟಿದ್ದೆ. ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮಿಬ್ಬರ ಮನೆ ಒಂದೇ ಸಾಲಿನಲ್ಲಿತ್ತು. ಬಸ್ ಹತ್ತುವ ಬೆಳಿಗ್ಗೆ ನೋಡಿದರೆ ಅವಳು ಸಿರುಗುಪ್ಪದ ಅತ್ತೆಯ ಮನೆಗೆ ಹೋಗಿಬಿಟ್ಟಿದ್ದಳು. ನನಗೊಂದು ಮಾತು ಹೇಳಬೇಕು ಎಂದು ಅವಳಿಗೆ ಅನ್ನಿಸಿರಲೇ ಇಲ್ಲ.

ಶಿಬಿರದಲ್ಲಿ ದಿನವಿಡೀ ಊರಿನ ಕೆಲಸ. ಇಬ್ಬಿಬ್ಬರನ್ನು ಜೋಡಿ ಮಾಡಿ, ಶಾಲೆಗೆ ಸುಣ್ಣ ಬಳಿಯಲು, ಗಿಡಗಳಿಗೆ ಪಾತಿ ಮಾಡಲು ಕಳಿಸುತ್ತಿದ್ದರು. ಜೋಡಿಗಳೆಲ್ಲ ಮುಗಿದ ಮೇಲೆ ನಾನೊಬ್ಬಳು ಉಳಿದೆ. ಶಿಬಿರದ ಮೇಷ್ಟ್ರು ಪಟ್ಟಿ ನೋಡಿ ತಲೆ ಕೆರೆದುಕೊಂಡು, "ನೀ ಅರವಟ್ಟಿಗಿ ನೋಡ್ಕೊಳವ್ವ. ಅದಕ್ಕ ಒಬ್ರು ಸಾಕು," ಎಂದರು. ಸಾಕು ಎಂಬ ಮಾತು ಅಷ್ಟು ಚುಚ್ಚುತ್ತದೆಂದು ನನಗೆ ಗೊತ್ತಿರಲಿಲ್ಲ.

ಬಸ್ ನಿಲ್ಲುವ ಕಡೆ, ಬೇವಿನ ನೆರಳಲ್ಲಿ, ದಾರಿಹೋಕರಿಗೆಂದು ಇಟ್ಟ ಎರಡು ಮಣ್ಣಿನ ಗಡಿಗೆ, ಎರಡು ಲೋಟ. ಅದೇ ಅರವಟ್ಟಿಗೆ. ಪಕ್ಕದ ಪಂಚರ್ ಅಂಗಡಿಯ ಚಾಚಾ ಪ್ರತಿ ಬೇಸಿಗೆ ತಾವೇ ಇಡುತ್ತಿದ್ದ ಗಡಿಗೆಗಳವು. ಆ ವರ್ಷ ಶಿಬಿರಕ್ಕೆ ಬಿಟ್ಟುಕೊಟ್ಟಿದ್ದರು. "ಬರ್ರಿ ಅಂತ ಕರಿಯೂದೇನೂ ಬ್ಯಾಡ ಬೇಟಾ. ನೀರಡಿಸಿದವ್ರು ತಾವ ಬರ್ತಾರ," ಎಂದರು.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನಾನು ಮೊದಲ ದಿನವೇ ಸೋಪಿನ ಪುಡಿ ಸುರಿದು ಗಡಿಗೆಗಳನ್ನು ಒಳಗೂ ಹೊರಗೂ ಗಸಗಸ ತಿಕ್ಕಿದೆ. ಫಿಲ್ಟರ್ ನೀರು ಕುಡಿದು ಬೆಳೆದವಳಿಗೆ ಮಣ್ಣಿನ ಗಡಿಗೆಯ ಗುಣ ಏನು ಗೊತ್ತು?

ಸಿರಿಗೇರಿ ಬಸ್ಸಿನಿಂದ ಇಳಿದ ಹೆಂಗಸೊಬ್ಬರು ಒಂದು ಗುಟುಕು ಕುಡಿದು, ನನ್ನ ಮುಖ ನೋಡಿ, ಉಳಿದದ್ದನ್ನು ಬೇವಿನ ಬುಡಕ್ಕೆ ಚೆಲ್ಲಿದರು. ಆಮೇಲೆ ಜನ ನನ್ನನ್ನು ದಾಟಿಕೊಂಡು ಹೋಗತೊಡಗಿದರು. ಗಡಿಗೆ ಹೊಲಸಾಗಿ ಕಾಣುತ್ತಿದೆಯೇನೋ ಎಂದು ಮರುದಿನ ಇನ್ನಷ್ಟು ಸೋಪು ಹಾಕಿದೆ, ಅದರ ಮರುದಿನ ಮತ್ತಷ್ಟು. ಲೋಟ ಹಿಡಿದು ನಿಂತರೂ ಬೇಡವೆಂದು ಕೈ ಆಡಿಸುತ್ತಿದ್ದರು. ಗೆಳತಿಗೆ ನಾನು ಬೇಡ, ಶಿಬಿರದವರಿಗೆ ಬೇಡ, ಕೊನೆಗೆ ನೀರಡಿಸಿದವರಿಗೂ ಬೇಡ ಎಂದುಕೊಂಡು ಕಲ್ಲಿನ ಮೇಲೆ ಕೂತು ಅತ್ತೆ.

ಚಾಚಾ ಮಾತ್ರ ದಿನಕ್ಕೆರಡು ಸಲ ಬಂದು, ತುಂಬಿದ ಲೋಟ ಖಾಲಿ ಮಾಡಿ, ನನ್ನ ಶಾಲೆ, ನಮ್ಮ ಓಣಿ ಎಂದು ಏನಾದರೂ ಕೇಳಿ ಹೋಗುತ್ತಿದ್ದರು. ಒಮ್ಮೆ, "ಗಡಿಗಿ ಬದ್ಲಿ ಮಾಡೋಣೇನು?" ಎಂದರು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. "ನನ್ನ ಗಡಿಗಿ ಚೊಕ್ಕ ಅದಾವ್ರಿ," ಎಂದೆ. ಅವರು ಲೋಟ ಬೋರಲಿಟ್ಟು ಅಂಗಡಿಗೆ ಮರಳಿದರು.

ಶಿಬಿರ ಮುಗಿಯುವ ಹಿಂದಿನ ದಿನ, ಬಸ್ಸಿಳಿದವರು ಅಂಗಡಿಯ ಹಿಂದಿನಿಂದ ಬಾಯಿ ಒರೆಸಿಕೊಳ್ಳುತ್ತ ಬರುವುದನ್ನು ಕಂಡೆ. ಹೋಗಿ ನೋಡಿದರೆ ಅಲ್ಲೊಂದು ಹೊಸ ಗಡಿಗೆ. ಮೈಯೆಲ್ಲ ಉರಿಯಿತು.

"ನನ್ನ ನೀರು ಬಿಡಿಸಿ ಇಲ್ಲಿ ಕುಡಸಾಕತ್ತೀರಲ್ರಿ. ನಿಮಗ ನಾ ಏನ್ ಮಾಡೀನಿ?"

ಚಾಚಾ ಕೈಯಲ್ಲಿದ್ದ ಟ್ಯೂಬ್ ಕೆಳಗಿಟ್ಟರು. "ನಿನ್ನ ಗಡಿಗಿ ನೀರು ನೀ ಕುಡದಿ ಏನು ಬೇಟಾ?"

ಇಲ್ಲ. ಅಷ್ಟೂ ದಿನ ಶಿಬಿರದಿಂದ ಬಾಟಲಿಯಲ್ಲಿ ತಂದ ನೀರನ್ನೇ ಕುಡಿದಿದ್ದೆ. ಹೋಗಿ ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಬರೀ ಸೋಪು. ಮಣ್ಣು ಎಲ್ಲವನ್ನೂ ಹೀರಿಕೊಂಡು ಕೂತಿತ್ತು. ಗಂಟಲಲ್ಲಿ ಇಳಿಯದೆ ಉಗುಳಿದೆ.

"ಮತ್ತ ನೀವ್ಯಾಕ ಕುಡದ್ರಿ?"

"ನೀರಡಿಸಿದವ್ರನ್ನ ಹಂಗ ಕಳಸಾಕ ಆಗೂದಿಲ್ಲ, ಅದಕ್ಕ ಹಿಂದ ಇಟ್ಟೆ. ನೀನೂ ದಿನಾ ಒಬ್ಬಾಕಿನ ಕುಂದರ್ತಿದ್ದಿ," ಎಂದು ಮತ್ತೆ ಟ್ಯೂಬ್ ಎತ್ತಿಕೊಂಡರು.

ಕೊನೆಯ ದಿನ ಬೆಳಿಗ್ಗೆ ಎಲ್ಲರೂ ಸುತ್ತ ಕೂತು ತಂತಮ್ಮ ಕೆಲಸದ ಬಗ್ಗೆ ಹೇಳಿದರು. ಒಬ್ಬರ ಮಾತನ್ನು ಅವರ ಜೊತೆಯವರು ಪೂರ್ತಿ ಮಾಡುತ್ತಿದ್ದರು. ನನ್ನ ಸರದಿ ಬಂದಾಗ ಮೇಷ್ಟ್ರು, "ನಿನ್ನ ನೀರು ಎಷ್ಟ್ ಮಂದಿ ಕುಡದ್ರವ್ವ?" ಎಂದು ಕೇಳಿದರು.

"ಒಬ್ರು," ಎಂದೆ.

ಎಲ್ಲರೂ ನಕ್ಕರು. ಆ ಒಬ್ಬರು ಯಾಕೆ ಕುಡಿದರೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಮಧ್ಯಾಹ್ನ ನಮ್ಮ ಬಸ್ಸು ಪಂಚರ್ ಅಂಗಡಿಯ ಮುಂದೆಯೇ ಹಾದುಹೋಯಿತು. ಎರಡು ಸೀಟಿನಲ್ಲಿ ಒಬ್ಬಳೇ ಕೂತಿದ್ದೆ. ಚಾಚಾ ಬೇವಿನ ಕೆಳಗೆ ನನ್ನ ಗಡಿಗೆಗಳನ್ನು ಬೂದಿ ಹಾಕಿ ತೊಳೆಯುತ್ತಿದ್ದರು, ತಲೆ ಎತ್ತಲಿಲ್ಲ.