ಕಿವಿಗೆ ತಕ್ಕ ಮನೆ
ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ನಮ್ಮ ಸೋದರತ್ತೆಗೆ ಮನೆ ತೋರಿಸಿ ನೋಡಿರಲಿಲ್ಲ. ಕೊಳ್ಳುವವರೇ ಇಲ್ಲದೆ ಮನೆಗಳು ಖಾಲಿ ಬಿದ್ದಿರುವ ಈ ಕಾಲದಲ್ಲಿ ಬ್ರೋಕರುಗಳ ಪಾಲಿಗೆ ಅತ್ತೆಯೇ ದೇವರು. ಬಾಗಿಲಿಗೇ ಕಾರು ತಂದು ಕರೆದೊಯ್ಯುತ್ತಾರೆ. ಮೊಸರಲ್ಲಿ ಕಲ್ಲು ಹುಡುಕುವುದನ್ನು ಮಾತ್ರ ಅವಳಿಂದಲೇ ಕಲಿಯಬೇಕು. ಗೋಡೆಗಳನ್ನು ಬೆರಳಲ್ಲಿ ಬಡಿಯುತ್ತಾಳೆ, ನಲ್ಲಿಗಳನ್ನೆಲ್ಲ ಒಟ್ಟಿಗೆ ತಿರುಗಿಸುತ್ತಾಳೆ, ಕಪಾಟಿನೊಳಗೆ ತಲೆ ತೂರಿಸಿ ಮೂಸುತ್ತಾಳೆ. "ಬೆಳಕು ಬೇಕಾದಷ್ಟಿದೆ ಅಮ್ಮಾ" ಎಂದರೆ "ಸೆಖೆನೂ ಅಷ್ಟೇ ಇದೆಯಲ್ಲಪ್ಪಾ" ಎನ್ನುತ್ತಾಳೆ. ಬೆಲೆ ಇಳಿಸಿದರೂ ಜಗ್ಗುವುದಿಲ್ಲ. ಕೊನೆಯ ಪರೀಕ್ಷೆ ಬೇರೆಯೇ ಇದೆ. ಮಾವನ ಕೈಗೆ ಪೇಪರು ಕೊಟ್ಟು ಆಚೆ ತುದಿಯ ಕೋಣೆಯಲ್ಲಿ ಕೂರಿಸಿ, ತಾನು ಅಡುಗೆಮನೆಯಲ್ಲಿ ನಿಂತು "ರೀ..." ಎಂದು ಕರೆಯುತ್ತಾಳೆ. ಉತ್ತರ ಬರುವುದಿಲ್ಲ. "ಈ ಮನೆ ಬೇಡ" ಎಂದು ಚಪ್ಪಲಿ ಮೆಟ್ಟುತ್ತಾಳೆ. ಅರಮನೆಯಂಥ ಮನೆಗಳೆಲ್ಲ ಹೀಗೇ ಕೈತಪ್ಪಿ ಹೋದವು. ಕಡೆಗೊಬ್ಬ ಬ್ರೋಕರು ತಾಳಲಾರದೆ, "ಮನೆ ತಪ್ಪಲ್ಲಮ್ಮಾ, ಯಜಮಾನ್ರಿಗೆ ಕಿವಿ ಮಂದ" ಎಂದೇಬಿಟ್ಟ. "ನಂಗೊತ್ತಿಲ್ವೇನಪ್ಪಾ? ದಿನಾ ಕೂಗೋಳು ನಾನು! ಆ ಕಿವಿಗೆ ತಕ್ಕ ಮನೆ ತೋರ್ಸು" ಎಂದಳು ಅತ್ತೆ. ಅವನು ನಿನ್ನೆ, ಯಾರೂ ತಿರುಗಿ ನೋಡದ ಒಂದು ಪುಟ್ಟ ಮನೆಗೆ ನಮ್ಮನ್ನು ಕರೆದೊಯ್ದ. ಎರಡೇ ಕೋಣೆ, ನಡುವೆ ತೆಳ್ಳನೆ ಗೋಡೆ. ಅತ್ತೆ ಗೋಡೆ ಬಡಿಯಲಿಲ್ಲ, ನಲ್ಲಿ ಮುಟ್ಟಲಿಲ್ಲ, ಮಾವನನ್ನು ಪೇಪರಿನೊಂದಿಗೆ ಆಚೆ ಕೋಣೆಯಲ್ಲಿ ಕೂರಿಸಿ ನೇರವಾಗಿ ಅಡುಗೆಮನೆಗೆ ನಡೆದು "ರೀ..." ಎಂದಳು. ಆಚೆ ಪೇಪರು ಮಡಚಿದ ಸದ್ದಾಯಿತು. "ಏನೇ?" ಎಂದರು ಮಾವ. "ಏನಿಲ್ಲ, ಸುಮ್ನೆ ಕರೆದೆ" ಎಂದವಳು, ಬ್ರೋಕರು ಬೆಲೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮತ್ತೊಮ್ಮೆ ಕರೆದಳು.